ಬೆಟ್ಟದ ರಸ್ತೆಗೆ ಹಗುರ ಕಾರೇ ಚೆಂದ

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಹೊಸ ಸ್ಪೋರ್ಟ್ಸ್ ಕಾರು ಬಂದಾಗಲೆಲ್ಲ ಅಲ್ಲಿ ಒಂದು ದೊಡ್ಡ ಫೋಟೊ ಇರುತ್ತದೆ. ಕಾರು ಯಾವುದೋ ಬೆಟ್ಟದ ತಿರುವಿನಲ್ಲಿರುತ್ತದೆ, ಹಿಂದೆ ಮಂಜು, ಕೆಳಗೆ ಕಣಿವೆ. ಆದರೆ ಫೋಟೊದ ಕೆಳಗಿನ ಬರಹದಲ್ಲಿ ಬೆಟ್ಟವೇ ಇರುವುದಿಲ್ಲ. ಎಷ್ಟು ಹಾರ್ಸ್‌ಪವರ್, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು, ಗರಿಷ್ಠ ವೇಗ ಎಷ್ಟು, ಇಷ್ಟೇ. ಈ ಮೂರೂ ನೇರ ರಸ್ತೆಯ ಲೆಕ್ಕ. ಬೆಟ್ಟದ ರಸ್ತೆಯ ಆಸೆಗೆ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಾನು ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ನನ್ನದು ಎರಡು ಸೀಟಿನ, ಮೇಲಿನ ಹೊದಿಕೆ ಹಿಂದಕ್ಕೆ ಮಡಚುವ ಹಳೆಯ ಮಜ್ದಾ ಎಂಎಕ್ಸ್-5. 1989ರಲ್ಲಿ ಬಂದ ಮೊದಲ ಪೀಳಿಗೆಯ ಕಾರು. 1.6 ಲೀಟರ್ ಎಂಜಿನ್, ಸುಮಾರು 115 ಹಾರ್ಸ್‌ಪವರ್, ಕೈಯಲ್ಲಿ ಹಾಕುವ ಗೇರು, ತೂಕ ಒಂದು ಟನ್ನಿಗಿಂತ ಕಡಿಮೆ. ಇವತ್ತಿನ ಎಷ್ಟೋ ಮನೆಬಳಕೆಯ ಕಾರುಗಳ ಪಿಕಪ್ ಇದಕ್ಕಿಂತ ಜಾಸ್ತಿ. ಆದರೂ ಎಲ್ಲ ಪೀಳಿಗೆ ಸೇರಿ ಎಂಎಕ್ಸ್-5 ಕಾರುಗಳು 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿದ್ದವು. ಎರಡೇ ಸೀಟಿನ ಕಾರಿಗೆ ಇಷ್ಟು ಜನ ಮನಸೋತಿದ್ದಾರೆ ಅಂದರೆ ಕಾರಣ ಇರಲೇಬೇಕು ಅಲ್ವಾ? ಆ ಕಾರಣ ನಿಮ್ಮ ಓದುಗರಿಗೂ ಗೊತ್ತಾಗಲಿ ಅನ್ನುವುದು ನನ್ನ ಆಸೆ.

ಮೊದಲು ಹೇರ್‌ಪಿನ್ ತಿರುವಿನ ಲೆಕ್ಕ. ಅಂಥ ತಿರುವಿನಲ್ಲಿ ಕಾರು ಎಷ್ಟು ವೇಗವಾಗಿ ಹೋಗಬಲ್ಲದು ಅನ್ನುವುದು ಎಂಜಿನ್ನಿನ ಕೈಯಲ್ಲಿಲ್ಲ. ಟೈರಿನ ಹಿಡಿತ ಎಷ್ಟು, ತಿರುವು ಎಷ್ಟು ಬಿಗಿ, ಅಷ್ಟೇ. 10 ಮೀಟರ್ ತ್ರಿಜ್ಯದ ಒಂದು ತಿರುವು, ಒಣ ರಸ್ತೆ, ಒಳ್ಳೆಯ ಸಾಧಾರಣ ಟೈರು ಅಂತ ಇಟ್ಟುಕೊಳ್ಳಿ. ಟೈರಿನ ಹಿಡಿತ ಕಾರಿನ ತೂಕದ 0.8ರಷ್ಟಿದ್ದರೆ ಜಾರುವ ಅಂಚು ಗಂಟೆಗೆ ಸುಮಾರು 32 ಕಿ.ಮೀ. ಅದೇ ತಿರುವಿಗೆ ಸಾಧಾರಣ ಟೈರಿಗಿಂತ ಹೆಚ್ಚು ಅಂಟುವ ಟೈರು ಹಾಕಿದ ಸೂಪರ್‌ಕಾರು ತನ್ನಿ. ಹಿಡಿತ 1.1ಕ್ಕೆ ಏರಿದರೂ ಅಂಚು ಸುಮಾರು 37 ಆಗುತ್ತದೆ. ವ್ಯತ್ಯಾಸ ಬರೀ ಐದು ಕಿಲೋಮೀಟರ್! 115 ಹಾರ್ಸ್‌ಪವರ್ ಇರಲಿ, 700 ಇರಲಿ, ಬೆಟ್ಟ ಇಬ್ಬರನ್ನೂ ಹೆಚ್ಚುಕಡಿಮೆ ಒಂದೇ ವೇಗಕ್ಕೆ ತಂದು ನಿಲ್ಲಿಸುತ್ತದೆ. ಅದೂ ಇದು ಕಾರು ಜಾರಿಹೋಗುವ ಅಂಚಿನ ಮಾತು. ಎದುರಿನಿಂದ ವಾಹನ ಬರುವ ರಸ್ತೆಯಲ್ಲಿ ಆ ಅಂಚಿನ ಹತ್ತಿರ ಯಾರೂ ಹೋಗಬಾರದು.

ಇನ್ನು ಒಂದು ತಿರುವಿಗೂ ಇನ್ನೊಂದಕ್ಕೂ ನಡುವಿನ ಜಾಗ. ಅಮೆರಿಕದ ಟೆನೆಸಿ ಮತ್ತು ನಾರ್ತ್ ಕೆರೊಲಿನಾ ಗಡಿಯಲ್ಲಿ ಟೇಲ್ ಆಫ್ ದಿ ಡ್ರ್ಯಾಗನ್ ಅನ್ನುವ ರಸ್ತೆ ಇದೆ. ಸ್ಪೋರ್ಟ್ಸ್ ಕಾರು, ಬೈಕು ಇಷ್ಟಪಡುವವರೆಲ್ಲ ಅದರ ಹೆಸರು ಕೇಳಿರುತ್ತಾರೆ. ಸುಮಾರು 18 ಕಿ.ಮೀ.ನಲ್ಲಿ 318 ತಿರುವು. ಭಾಗಿಸಿದರೆ 56 ಮೀಟರಿಗೊಂದು. ಅಲ್ಲಿನ ವೇಗಮಿತಿ ಗಂಟೆಗೆ 30 ಮೈಲಿ, ಅಂದರೆ 48 ಕಿ.ಮೀ. ಮಿತಿ ಮೀರದೆ ಹೋದರೂ ನಾಲ್ಕು ಸೆಕೆಂಡಿಗೊಂದು ತಿರುವು ಬರುತ್ತಲೇ ಇರುತ್ತದೆ. ಮೂರು ಸೆಕೆಂಡಿನಲ್ಲಿ ನೂರು ಮುಟ್ಟುವ ಕಾರು ತನ್ನ ಆ ಶಕ್ತಿಯನ್ನು ಅಲ್ಲಿ ಎಲ್ಲಿ ತೋರಿಸಬೇಕು, ಹೇಳಿ?

ಆದರೆ ಓಡಿಸುವವರಿಗೆ ಆ ನಾಲ್ಕು ಸೆಕೆಂಡಿನಲ್ಲಿ ಎಷ್ಟೊಂದು ಕೆಲಸ ಇದೆ! ನನ್ನ ಕಾರಿನಲ್ಲಿ ಏನೇನು ನಡೆಯುತ್ತದೆ ಅಂತ ಹೇಳುತ್ತೇನೆ ಕೇಳಿ. ಮೂರನೇ ಗೇರಿನಲ್ಲಿ ಹತ್ತುತ್ತಿದ್ದೇನೆ. ಮುಂದೆ ಬಂಡೆ ಮರೆಮಾಡಿದ ಒಂದು ತಿರುವು. ಕಾರು ಇನ್ನೂ ನೆಟ್ಟಗಿರುವಾಗಲೇ ಬ್ರೇಕ್ ಒತ್ತುತ್ತೇನೆ. ಮೂತಿ ಒಂದಿಷ್ಟು ಬಾಗುತ್ತದೆ, ಭಾರ ಮುಂದಿನ ಚಕ್ರಗಳ ಮೇಲೆ ಬಂದು ಕೂರುತ್ತದೆ. ಪಾದ ಬ್ರೇಕಿನ ಮೇಲೆ ಇರುವಾಗಲೇ ಅದರ ಬಲಗಡೆ ಅಂಚಿನಿಂದ ಆಕ್ಸಿಲರೇಟರನ್ನು ಒಮ್ಮೆ ಕುಕ್ಕುತ್ತೇನೆ. ಎಂಜಿನ್ ಸದ್ದು ಏರುವಷ್ಟರಲ್ಲಿ ಎರಡನೇ ಗೇರು ಒಳಗೆ. ಕ್ಲಚ್ ಬಿಟ್ಟಾಗ ಕಾರು ಚೂರೂ ಜಗ್ಗುವುದಿಲ್ಲ. ಬ್ರೇಕನ್ನು ಥಟ್ಟನೆ ಬಿಡುವುದಿಲ್ಲ, ಸ್ಟೇರಿಂಗ್ ತಿರುಗಿಸುತ್ತ ತಿರುಗಿಸುತ್ತ ಮೆಲ್ಲಗೆ ಬಿಡುತ್ತೇನೆ. ಆಗ ಮುಂದಿನ ಹೊರಗಡೆ ಟೈರು ಭಾರ ಹೊತ್ತುಕೊಳ್ಳುವುದು ಅಂಗೈಗೇ ಗೊತ್ತಾಗುತ್ತದೆ. ಸ್ಟೇರಿಂಗ್ ಸ್ವಲ್ಪ ಗಟ್ಟಿಯಾಗುತ್ತದೆ. ಟೈರು ಜಾರುವ ಮುಂಚೆ ಅದೇ ಸ್ಟೇರಿಂಗ್ ಸಡಿಲವಾಗುತ್ತದೆ. ಆ ಸೂಚನೆ ಇಷ್ಟು ಚೊಕ್ಕವಾಗಿ ಕೈಗೆ ತಲುಪುವ ಕಾರು ಸಿಕ್ಕಿದರೆ ಬಿಡಬೇಡಿ.

ಕಣ್ಣು ಬಾನೆಟ್ ಮೇಲಿರಬಾರದು. ರಸ್ತೆಯ ಎರಡೂ ಅಂಚು ದೂರದಲ್ಲಿ ಕೂಡಿದ ಹಾಗೆ ಕಾಣುವ ಜಾಗದ ಮೇಲಿರಬೇಕು. ಆ ಜಾಗ ನಮ್ಮ ಹತ್ತಿರಕ್ಕೆ ಬರುತ್ತಿದೆಯಾ, ತಿರುವು ಇನ್ನೂ ಬಿಗಿಯಾಗುತ್ತಿದೆ ಅಂತ ಅರ್ಥ, ವೇಗ ಇಳಿಸಿ. ದೂರ ಓಡುತ್ತಿದೆಯಾ, ತಿರುವು ಬಿಚ್ಚಿಕೊಳ್ಳುತ್ತಿದೆ. ಆಗ ಸ್ಟೇರಿಂಗ್ ಸಡಿಲಿಸುತ್ತ ಆಕ್ಸಿಲರೇಟರ್ ತುಳಿದರೆ ಹಿಂದಿನ ಚಕ್ರಗಳು ರಸ್ತೆಯನ್ನು ಕಚ್ಚಿಕೊಂಡು ಬೆನ್ನು ತಳ್ಳುತ್ತವೆ. ಇಷ್ಟೆಲ್ಲ ಆಗುವಾಗ ನನ್ನ ಸ್ಪೀಡೊಮೀಟರ್ ಮುಳ್ಳು 45ರ ಆಸುಪಾಸಿನಲ್ಲಿರುತ್ತದೆ. ಕೈ, ಕಾಲು, ಕಣ್ಣು, ಕಿವಿ ಎಲ್ಲಕ್ಕೂ ಕೆಲಸ. ಇದಕ್ಕಿಂತ ದೊಡ್ಡ ಖುಷಿಯನ್ನು ಕಾರಿನಿಂದ ನಾನು ಬಯಸಿಲ್ಲ.

ದೊಡ್ಡ ಎಂಜಿನ್ನಿನ ಹಲವು ಸ್ಪೋರ್ಟ್ಸ್ ಕಾರುಗಳು ಎರಡನೇ ಗೇರಿನಲ್ಲೇ ನೂರು ದಾಟುತ್ತವೆ. ಅಂಥ ಕಾರಿನಲ್ಲಿ ಇಡೀ ಬೆಟ್ಟ ಎರಡನೇ ಗೇರಿನ ಕೆಳಗಿನ ಅರ್ಧದಲ್ಲೇ ಮುಗಿದುಹೋಗುತ್ತದೆ. ಎಂಜಿನ್ ಒಮ್ಮೆಯೂ ಬಾಯಿ ಬಿಟ್ಟು ಹಾಡುವುದಿಲ್ಲ, ಗೇರು ಬದಲಿಸುವ ಪ್ರಮೇಯವೇ ಬರುವುದಿಲ್ಲ. ಓಡಿಸುವವರಿಗೆ ಏನೋ ಕಡಿಮೆ ಅನ್ನಿಸುತ್ತದೆ, ಆ ಕೊರತೆ ತುಂಬಲು ವೇಗ ಏರಿಸುತ್ತಾರೆ. ಬೆಟ್ಟದಲ್ಲಿ ಅಪಾಯ ಶುರುವಾಗುವುದು ಅಲ್ಲಿಂದ. ಸಣ್ಣ ಎಂಜಿನ್ನಿನ ಕಾರು ಹಾಗಲ್ಲ. ಎರಡು, ಮೂರು, ಮತ್ತೆ ಎರಡು ಅಂತ ಗೇರು ಹಾಕಿಸುತ್ತಲೇ ಇರುತ್ತದೆ. ಕಾನೂನು ಬಿಟ್ಟಷ್ಟು ವೇಗದಲ್ಲೇ ಮನಸ್ಸು ತುಂಬುತ್ತದೆ.

ಇದು ನನ್ನೊಬ್ಬಳ ಹುಚ್ಚಲ್ಲ. ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್ಮನ್ ಜೀವನವಿಡೀ ಕಾರಿನ ತೂಕ ಇಳಿಸುವ ಹಿಂದೆಯೇ ಬಿದ್ದಿದ್ದರು. ಅವರು 1982ರಲ್ಲಿ ತೀರಿಕೊಂಡರು. ಆಮೇಲೂ ಕಂಪನಿ ಆ ದಾರಿ ಬಿಡಲಿಲ್ಲ. 1996ರ ಎಲೀಸ್ ಕಾರು ನೋಡಿ. ಅಲ್ಯೂಮಿನಿಯಂ ಚಾಸಿಯನ್ನು, ಅಂದರೆ ಕಾರಿನ ಅಸ್ಥಿಪಂಜರವನ್ನು, ಬೆಸುಗೆ ಹಾಕುವ ಬದಲು ಅಂಟಿನಿಂದ ಜೋಡಿಸಿದರು. ತೂಕ 725 ಕಿಲೋ ಆಸುಪಾಸು, ಎಂಜಿನ್ 118 ಹಾರ್ಸ್‌ಪವರ್. ಬೆಟ್ಟದ ರಸ್ತೆಗೆ ಅಷ್ಟು ಸಾಕಾಗಿ ಮಿಕ್ಕಿತು. ಫ್ರಾನ್ಸಿನ ಆಲ್ಪೀನ್ ಕಂಪನಿಯ ಕಥೆಯೂ ಇದೇ. ಅದನ್ನು 1955ರಲ್ಲಿ ಶುರುಮಾಡಿದ ಜಾನ್ ರೆಡೆಲೆ ಅದಕ್ಕೂ ಮುಂಚೆ ರೆನೊ 4ಸಿವಿ ಅನ್ನುವ ಪುಟ್ಟ ಕಾರಿನಲ್ಲಿ ಆಲ್ಪ್ಸ್ ರಸ್ತೆಗಳಲ್ಲಿ ಸ್ಪರ್ಧೆ ಮಾಡಿದವರು. ಅವರ ಫೈಬರ್‌ಗ್ಲಾಸ್ ಮೈಯ ಎ110 ಕಾರುಗಳು 1973ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಮೊದಲ ಮೂರೂ ಸ್ಥಾನ ಗೆದ್ದವು. ಮಾಂಟೆ ಕಾರ್ಲೊ ಅಂದರೆ ಕಡಿದಾದ ಬೆಟ್ಟದ ರಸ್ತೆ, ಹಿಮ, ಮಂಜುಗಡ್ಡೆ.

ಕಾರಿನ ಅಗಲದ ಬಗ್ಗೆಯೂ ನಿಮ್ಮ ಪುಟದಲ್ಲಿ ಓದಿದ ನೆನಪಿಲ್ಲ. ನನ್ನ ಕಾರಿನ ಅಗಲ 1.68 ಮೀಟರ್. ದೊಡ್ಡ ಸೂಪರ್‌ಕಾರುಗಳು, ಕನ್ನಡಿ ಬಿಟ್ಟು, ಎರಡು ಮೀಟರಿನ ಹತ್ತಿರ ಇರುತ್ತವೆ. ಲ್ಯಾಂಬೊರ್ಗಿನಿ ಅವೆಂಟಡೋರ್ ಎರಡನ್ನೂ ದಾಟಿ 2.03 ಮೀಟರ್ ಇದೆ. ನಮ್ಮ ಪಾಲಿನ ರಸ್ತೆ ಮೂರು ಮೀಟರ್ ಅಂದರೆ ನನಗೆ ಉಳಿಯುವ ಜಾಗ 1.3 ಮೀಟರ್, ಅವರಿಗೆ ಒಂದಕ್ಕಿಂತ ಕಡಿಮೆ. ಆ ಜಾಗದಲ್ಲೇ ತಿರುವಿಗೆ ಒಂದು ಒಳ್ಳೆಯ ಗೆರೆ ಹಿಡಿಯಬೇಕು. ನನ್ನ ಪಾಲಿನ ಹೊರ ಅಂಚಿನಿಂದ ಒಳಬಂದು, ತಿರುವಿನ ಒಳ ಅಂಚು ಸವರಿ, ಮತ್ತೆ ಹೊರಗೆ ಹೋಗಲು ಜಾಗ ಇದೆ. ನಡುಗೆರೆ ಮುಟ್ಟುವ ಅಗತ್ಯವೇ ಇಲ್ಲ. ಅಗಲ ಕಾರಿನವರು ಲಾರಿ ಎದುರಾದಾಗಲೆಲ್ಲ ಉಸಿರು ಬಿಗಿಹಿಡಿದು ನಿಲ್ಲಬೇಕು. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ನೀವಾದರೂ ಹೇಳಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ವಿಷಯ, ಇಳಿಜಾರು.

ಒಂದು ಘಟ್ಟದ ಬುಡದಲ್ಲಿ ಗಾಡಿ ನಿಲ್ಲಿಸುವ ಜಾಗ ಇತ್ತು. ನಾನು ಇಳಿದು ಬಂದು ನಿಲ್ಲಿಸಿದಾಗ ಪಕ್ಕದಲ್ಲಿ ಒಂದು ದೊಡ್ಡ ಸ್ಪೋರ್ಟ್ಸ್ ಕಾರು ನಿಂತಿತ್ತು. ಮುಂದಿನ ಎರಡೂ ಚಕ್ರದಿಂದ ಹೊಗೆ. ಸುಟ್ಟ ಬ್ರೇಕ್ ಪ್ಯಾಡಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಓಡಿಸುತ್ತಿದ್ದ ಹುಡುಗ ನೀರಿನ ಬಾಟಲಿ ಹಿಡಿದು ಚಕ್ರದ ಹತ್ತಿರ ಬಗ್ಗಿದ್ದ.

"ನೀರು ಹಾಕಬೇಡಿ," ಅಂತ ಕೂಗಿದೆ. "ಕಾದ ಬ್ರೇಕ್ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗುತ್ತೆ, ಬಿರುಕೂ ಬಿಡಬಹುದು. ಸುಮ್ನೆ ಬಿಡಿ, ಗಾಳಿಗೇ ತಣ್ಣಗಾಗಲಿ."

"ಮೇಡಂ, ಪೆಡಲ್ ಕೆಳಗಿನ ತನಕ ಹೋಗ್ತಿದೆ," ಅಂದ. ಮುಖ ಬಿಳಿಚಿಕೊಂಡಿತ್ತು.

ಆಟೊಮ್ಯಾಟಿಕ್ ಕಾರಿನ ಗೇರನ್ನು ಡಿ ಯಲ್ಲಿಟ್ಟು, ಮೇಲಿಂದ ಕೆಳಗಿನವರೆಗೂ ಬ್ರೇಕ್ ಒತ್ತಿಕೊಂಡೇ ಬಂದಿದ್ದ. ಒಳ್ಳೆಯ ಹುಡುಗ, ಅವಸರದವನೂ ಅಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ತರಗತಿಯಲ್ಲಿ ಮಾಡಿಸುವ ಲೆಕ್ಕವನ್ನೇ ಅವನಿಗೆ ಹೇಳಿದೆ. ಒಂದು ಟನ್ ತೂಕದ ಕಾರು 1000 ಮೀಟರ್ ಎತ್ತರದಿಂದ ಇಳಿಯುವಾಗ ಸುಮಾರು 98 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. 29 ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಅಷ್ಟು ಶಾಖ ಸಾಕು. ಕಾರು ಎರಡು ಟನ್ ಆದರೆ ಇದರ ದುಪ್ಪಟ್ಟು. ಬರೀ ಬ್ರೇಕ್ ಹಿಡಿದುಕೊಂಡೇ ಇಳಿದರೆ ಅಷ್ಟೂ ಶಾಖವನ್ನು ನಾಲ್ಕು ಡಿಸ್ಕುಗಳೇ ನುಂಗಬೇಕು.

ಶಾಖ ಡಿಸ್ಕಿನಿಂದ ಬ್ರೇಕ್ ಆಯಿಲ್‌ಗೆ ದಾಟುತ್ತದೆ. ಡಾಟ್ 4 ಅನ್ನುವ ಮಾಮೂಲಿ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ಆದರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತ ಹೋಗುತ್ತದೆ. ನೀರು ಸೇರಿದ ಆಯಿಲ್‌ಗೆ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಹುಟ್ಟುತ್ತದೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲಿನ ಬಲ ಗುಳ್ಳೆ ಕುಗ್ಗಿಸುವುದರಲ್ಲೇ ಮುಗಿಯುತ್ತದೆ, ಚಕ್ರಕ್ಕೆ ತಲುಪುವುದೇ ಇಲ್ಲ. ಆ ಹುಡುಗನ ಪೆಡಲ್ ಕೆಳಗೆ ಹೋದದ್ದು ಇದಕ್ಕೇ. ಹಾರ್ಸ್‌ಪವರ್ ಎಷ್ಟೇ ಇರಲಿ, ಬ್ರೇಕ್ ಹೀಗೆ ಸೋಲುವುದನ್ನು ಅದು ತಪ್ಪಿಸುವುದಿಲ್ಲ.

ಪರಿಹಾರ ಸುಲಭ. ಇಳಿಯಲು ಶುರುಮಾಡುವ ಮುಂಚೆಯೇ ಗೇರು ಇಳಿಸಬೇಕು, ಕಾರನ್ನು ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಆಟೊಮ್ಯಾಟಿಕ್ ಆದರೂ ಕೈಯಿಂದ ಗೇರು ಇಳಿಸುವ ಅವಕಾಶ ಸಾಮಾನ್ಯವಾಗಿ ಇರುತ್ತದೆ. ತಿರುವು ಬಂದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಬೇಕು. ಸವರಿಕೊಂಡೇ ಇರಬಾರದು. ಮಧ್ಯೆ ಸಿಗುವ ಗಾಳಿಯಲ್ಲಿ ಡಿಸ್ಕು ತಣಿಯುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ನ್ಯೂಟ್ರಲ್‌ನಲ್ಲಿ ಇಳಿಯುವುದಂತೂ ಬೇಡವೇ ಬೇಡ. ಎಲೆಕ್ಟ್ರಿಕ್ ಕಾರಿನವರಿಗೆ ಇಲ್ಲಿ ಒಂದು ಅನುಕೂಲ ಇದೆ. ಇಳಿಯುವಾಗ ಮೋಟರು ಆ ಶಕ್ತಿಯನ್ನು ಬ್ಯಾಟರಿಗೆ ತಿರುಗಿ ಕಳಿಸುತ್ತದೆ. ಆದರೆ ಬೆಟ್ಟದ ತುದಿಯಲ್ಲೇ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಹೊರಟರೆ ಆ ಶಕ್ತಿಗೆ ಜಾಗ ಇರುವುದಿಲ್ಲ, ಕೆಲಸ ಮತ್ತೆ ಬ್ರೇಕಿನ ಮೇಲೇ ಬೀಳುತ್ತದೆ.

ಎತ್ತರ ಏರಿದ ಹಾಗೆ ಎಂಜಿನ್ನಿನ ಉಸಿರೂ ಕಡಿಮೆಯಾಗುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ನು ಪ್ರತಿ 1000 ಮೀಟರಿಗೆ ಹೆಚ್ಚುಕಡಿಮೆ ಶೇ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಇಟಲಿಯ ಸ್ಟೆಲ್ವಿಯೊ ಪಾಸ್ 2757 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಹೋಗುವಷ್ಟರಲ್ಲಿ ಕಾಲು ಭಾಗ ಶಕ್ತಿ ಮಾಯ. ಅಮೆರಿಕದ ಪೈಕ್ಸ್ ಪೀಕ್ ಬೆಟ್ಟ ಹತ್ತುವ ಸ್ಪರ್ಧೆ ಶುರುವಾಗುವುದೇ 2800 ಮೀಟರಿನ ಮೇಲೆ, ಮುಗಿಯುವುದು 4300ರಲ್ಲಿ, ನಡುವೆ 156 ತಿರುವು. ಎಲೆಕ್ಟ್ರಿಕ್ ಮೋಟರಿಗೆ ಗಾಳಿ ಬೇಡ. 2018ರಲ್ಲಿ ರೊಮೇನ್ ಡ್ಯೂಮಾಸ್ ಅಲ್ಲಿ ಎಂಟು ನಿಮಿಷದೊಳಗೆ ತುದಿ ಮುಟ್ಟಿದ್ದು ಫೋಕ್ಸ್‌ವ್ಯಾಗನ್ನಿನ ಎಲೆಕ್ಟ್ರಿಕ್ ಕಾರಿನಲ್ಲಿ. ಟೈರಿನ ಮಾತೂ ಎತ್ತರಕ್ಕೆ ಸೇರಿದ್ದೇ. 1000 ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಚಳಿ ಜಾಸ್ತಿ. ಸ್ಪೋರ್ಟ್ಸ್ ಕಾರಿನ ಬೇಸಿಗೆ ಟೈರಿನ ರಬ್ಬರು ಏಳು ಡಿಗ್ರಿಗಿಂತ ಕೆಳಗೆ ಗಡುಸಾಗುತ್ತದೆ. ಬುಡದಲ್ಲಿ ಅಂಗಿ ತೋಳು ಮಡಚಿ ಹೊರಟವರು ತುದಿಯ ನೆರಳಿನ ತಿರುವಿನಲ್ಲಿ ಅದೇ ಹಿಡಿತ ಇರುತ್ತದೆ ಅಂದುಕೊಳ್ಳಬಾರದು.

ಸ್ಟೆಲ್ವಿಯೊ ಹೆಸರು ಬಂತು, ಅದರ ಬಗ್ಗೆ ಎರಡು ಮಾತು ಹೇಳಲೇಬೇಕು. ಅದನ್ನು ಕಟ್ಟಿದ್ದು 1820ರಿಂದ 1825ರ ನಡುವೆ, ಎಂಜಿನಿಯರ್ ಕಾರ್ಲೊ ಡೊನೆಗಾನಿ. ಆಗ ಕಾರು ಎಲ್ಲಿತ್ತು? ಕುದುರೆ ಗಾಡಿ ಏರಲಿ ಅಂತ ಏರು ತಗ್ಗಿಸಲು ಉತ್ತರದ ಕಡೆ 48 ಹೇರ್‌ಪಿನ್ ಮಡಚಿದರು. ಕುದುರೆಯ ನಡಿಗೆಗೆ ಅಳೆದ ತಿರುವುಗಳವು. ಅಲ್ಲಿ ಇಂದಿಗೂ ಬಸ್ಸು ತಿರುಗಬೇಕಾದರೆ ಇಡೀ ರಸ್ತೆ ಬೇಕು. ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ರಸ್ತೆ ಬೇರೆ ಥರದ್ದು. ಫ್ರಾಂಟ್ಸ್ ವಾಲಾಕ್ ಅನ್ನುವ ಎಂಜಿನಿಯರ್ ಪ್ರವಾಸಿಗರಿಗೆಂದೇ ಯೋಜಿಸಿದ 48 ಕಿ.ಮೀ. ರಸ್ತೆ, 1935ರಲ್ಲಿ ತೆರೆದರು. ಅದರ ತಿರುವುಗಳಿಗೆ ನಂಬರು ಕೊಟ್ಟು, ಪಕ್ಕದಲ್ಲಿ ಎತ್ತರವನ್ನೂ ಬರೆದಿದ್ದಾರೆ. ನಿಂತು ನೋಡಲು ಜಾಗ ಬಿಟ್ಟಿದ್ದಾರೆ. ಇಂಥ ರಸ್ತೆಯಲ್ಲಿ ನಿಲ್ಲದೆ ಹೋದರೆ ಕಟ್ಟಿದವರ ಶ್ರಮಕ್ಕೆ ಅಗೌರವ ಅಂತ ನನಗನ್ನಿಸುತ್ತದೆ. ಓಡಿಸುವವರು ಓಡಿಸುವಾಗ ಕಣಿವೆ ನೋಡಬಾರದು. ನೋಡಬೇಕು ಅನ್ನಿಸಿದರೆ ನಿಲ್ಲಿಸಿ, ಇಳಿದು, ಕಣ್ತುಂಬ ನೋಡಬೇಕು.

ನನ್ನ ಕಾರಿನ ಹೊದಿಕೆ ಮಡಚಿ ಹೋಗಬಹುದು ಅನ್ನುವುದು ಇಲ್ಲಿ ದೊಡ್ಡ ಭಾಗ್ಯ. ನಿಧಾನವಾಗಿ ಹೋಗುವಾಗ ಬಂಡೆಯಿಂದ ಜಿನುಗುವ ನೀರಿನ ಸದ್ದು ಕೇಳುತ್ತದೆ. ನೆರಳಿನಿಂದ ಬಿಸಿಲಿಗೆ ಬಂದದ್ದು ಕೆನ್ನೆಗೆ ಗೊತ್ತಾಗುತ್ತದೆ. ಎದುರಿನಿಂದ ಬರುವ ಲಾರಿಯ ಎಂಜಿನ್ ಸದ್ದು ಅದು ಕಣ್ಣಿಗೆ ಬೀಳುವ ಮುಂಚೆಯೇ ಕಿವಿಗೆ ಬೀಳುತ್ತದೆ. ಜೋರಾಗಿ ಹಾಡು ಹಾಕಿಕೊಂಡು ಹೋಗುವವರಿಗೆ ಈ ಯಾವುದೂ ಇಲ್ಲ.

ಸದ್ದಿನ ಬಗ್ಗೆ ಸ್ಪೋರ್ಟ್ಸ್ ಕಾರಿನ ಬಳಗಕ್ಕೂ ಒಂದು ಮಾತು. ಬೆಟ್ಟದಲ್ಲಿ ಸದ್ದು ಕಣಿವೆ ದಾಟಿ ಹೋಗುತ್ತದೆ. ಆಸ್ಟ್ರಿಯಾದ ಟಿರೋಲ್‌ನಲ್ಲಿ ಕೆಲವು ರಸ್ತೆಗಳಿಗೆ, ನಿಂತಲ್ಲಿ 95 ಡೆಸಿಬೆಲ್‌ಗಿಂತ ಹೆಚ್ಚು ಸದ್ದು ಮಾಡುವ ಬೈಕುಗಳನ್ನು ಬೇಸಿಗೆಯಲ್ಲಿ 2020ರಿಂದ ಬಿಡುತ್ತಿಲ್ಲ. ಅಲ್ಲಿ ವಾಸಿಸುವ ಜನ ಸಾಕಪ್ಪಾ ಸಾಕು ಅಂದದ್ದರ ಫಲ ಅದು. ಸೈಲೆನ್ಸರ್ ಕಿತ್ತುಹಾಕಿ ಮೆರೆಯುವವರು ನಮ್ಮೆಲ್ಲರ ರಸ್ತೆಯನ್ನೂ ಕಳೆಯುತ್ತಾರೆ. ಹಿಂದೆ ಯಾರಾದರೂ ಅವಸರದಲ್ಲಿದ್ದರೆ ಜಾಗ ನೋಡಿ ಪಕ್ಕಕ್ಕೆ ಸರಿದು ಬಿಟ್ಟುಕೊಡಿ. ಏರುತ್ತಿರುವ ಗಾಡಿಗೆ ಮೊದಲು ದಾರಿ ಕೊಡಿ. ಸೈಕಲ್ ತುಳಿಯುತ್ತ ಏರುವವರು ಕಂಡರೆ ಒಂದೂವರೆ ಮೀಟರ್ ಬಿಟ್ಟು ದಾಟಿ. ನಾವು ಪೆಟ್ರೋಲಿನಿಂದ ಏರುವುದನ್ನು ಅವರು ಕಾಲಿನಿಂದ ಏರುತ್ತಿದ್ದಾರೆ.

ದೊಡ್ಡ ಎಂಜಿನ್ನಿನ ಕಾರಿನವರು ನನಗೆ ಹೇಳುವ ಒಂದು ಮಾತು ಸರಿಯೇ ಇದೆ. ಏರಿನಲ್ಲಿ ತೆವಳುವ ಲಾರಿಯನ್ನು ಓವರ್‌ಟೇಕ್ ಮಾಡಲು ಶಕ್ತಿ ಬೇಕು, ಎದುರು ಬದಿಯಲ್ಲಿ ಎಷ್ಟು ಕಡಿಮೆ ಹೊತ್ತು ಇದ್ದರೆ ಅಷ್ಟು ಕ್ಷೇಮ. ಒಪ್ಪುತ್ತೇನೆ. ನನ್ನ ಕಾರಿನಲ್ಲಿ ಎಷ್ಟೋ ಸಲ ಲಾರಿಯ ಹಿಂದೆಯೇ ಉಳಿಯಬೇಕಾಗುತ್ತದೆ. ಆಗ ನಾನು ನಿಲ್ಲಿಸಲು ಜಾಗ ಹುಡುಕಿ, ಹತ್ತು ನಿಮಿಷ ಕೂತು, ಲಾರಿ ಮುಂದೆ ಹೋಗಲು ಬಿಡುತ್ತೇನೆ. ಆಮೇಲೆ ರಸ್ತೆ ಪೂರ್ತಿ ನನ್ನದೇ.

ಪಕ್ಕದಲ್ಲಿ ಕೂರುವವರನ್ನು ಮರೆಯಬಾರದು. ನನ್ನ ಅಕ್ಕನಿಗೆ ಬೆಟ್ಟ ಅಂದರೆ ವಾಂತಿ. ಅವಳು ನನ್ನ ಕಾರಿನಲ್ಲಿ ಕಣ್ಣು ಬಿಟ್ಟುಕೊಂಡು, ಮಾತಾಡುತ್ತ ಮಾತಾಡುತ್ತ ಘಟ್ಟ ಹತ್ತುತ್ತಾಳೆ. ಕಾರಣ ಕಾರಿನದಷ್ಟೇ ಅಲ್ಲ. ಬ್ರೇಕ್ ಮೆಲ್ಲಗೆ ಹಿಡಿದು ಮೆಲ್ಲಗೆ ಬಿಟ್ಟರೆ, ಒಂದು ತಿರುವಿಗೆ ಸ್ಟೇರಿಂಗನ್ನು ಒಂದೇ ಸಲ ತಿರುಗಿಸಿದರೆ ಪಕ್ಕದವರ ಕುತ್ತಿಗೆ ಅಲ್ಲಾಡುವುದಿಲ್ಲ. ನಾನು ಚೆನ್ನಾಗಿ ಓಡಿಸಿದೆನೋ ಇಲ್ಲವೋ ಅಂತ ಅವಳ ಮುಖ ನೋಡಿ ತಿಳಿದುಕೊಳ್ಳುತ್ತೇನೆ.

ಸಂಪಾದಕರೆ, ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಸ್ಪೋರ್ಟ್ಸ್ ಕಾರಿನ ಬಗ್ಗೆ ಬರೆಸುವಾಗ ನಿಮ್ಮ ವರದಿಗಾರರು ಅದನ್ನು ನಿಜವಾಗಿ ಒಂದು ಘಟ್ಟ ಹತ್ತಿಸಿ ಇಳಿಸಲಿ. ತೂಕ ಎಷ್ಟು, ಕನ್ನಡಿ ಸೇರಿ ಅಗಲ ಎಷ್ಟು ಅಂತ ಹಾರ್ಸ್‌ಪವರಿಗಿಂತ ಮೊದಲು ಬರೆಯಲಿ. ಎರಡನೇ ಗೇರು ಎಷ್ಟರಿಂದ ಎಷ್ಟು ವೇಗದವರೆಗೆ ಎಳೆಯುತ್ತದೆ, ಬ್ರೇಕ್ ಮತ್ತು ಆಕ್ಸಿಲರೇಟರ್ ಒಂದೇ ಪಾದಕ್ಕೆ ಸಿಗುವಷ್ಟು ಹತ್ತಿರ ಇವೆಯೇ, ಮುಂದಿನ ಗಾಜಿನ ಪಕ್ಕದ ಕಂಬ ತಿರುವನ್ನು ಮರೆಮಾಡುತ್ತದೆಯೇ, ಕುಳ್ಳಗಿರುವ ನನ್ನಂಥವರಿಗೆ ಬಾನೆಟ್‌ನ ಮೂಲೆ ಕಾಣುತ್ತದೆಯೇ, ಟೈರಿನ ಸೂಚನೆ ಕೈಗೆ ಬರುತ್ತದೆಯೇ ಅಂತ ಹೇಳಲಿ. ಕೊನೆಗೆ, ಬುಡ ತಲುಪಿದ ಮೇಲೆ ಬ್ರೇಕ್ ಪೆಡಲ್ ಒಮ್ಮೆ ಒತ್ತಿ ನೋಡಿ, ಹೊರಟಾಗಿನಷ್ಟೇ ಗಟ್ಟಿ ಇತ್ತೇ ಇಲ್ಲವೇ ಅನ್ನುವುದನ್ನು ತಪ್ಪದೆ ಅಚ್ಚು ಹಾಕಿ.

ಇಂತಿ ನಿಮ್ಮ,
ಭೌತಶಾಸ್ತ್ರದ ಒಬ್ಬ ಶಿಕ್ಷಕಿ